ಸಾಕು ಅಂದಮೇಲಿನ ರೊಟ್ಟಿ

ತೇಲೂರು, ಕೃಷ್ಣೆಯ ಹಿನ್ನೀರು
ಫೆಬ್ರವರಿ ಮೂವತ್ತು, ೨೨೪೧

ಹಿಂದಿನವರಿಗೆ ನಮಸ್ಕಾರ.

ತಾರೀಖು ನೋಡಿ ಕಾಗದವನ್ನು ಎಸೆಯಬೇಡಿ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ತಂದರು. ನಿಮ್ಮಲ್ಲಿ ಕುಂಟುತ್ತಿದ್ದ ಫೆಬ್ರವರಿಗೂ ಕೊನೆಗೆ ನ್ಯಾಯ ಸಿಕ್ಕಿತು. ವರ್ಷದ ಕೊನೆಗೆ ಉಳಿಯುವ ಐದಾರು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ನಾವು ಬರೀ ಮಲಗುತ್ತೇವೆ. ನನ್ನ ಭಾಷೆ ವಿಚಿತ್ರವಾಗಿ ಕಂಡರೆ ಅದಕ್ಕೂ ಕ್ಷಮಿಸಿ. ನಾನು ಬರೆಯುತ್ತಿರುವುದು ಹಳಗನ್ನಡದಲ್ಲಿ, ಅಂದರೆ ನಿಮ್ಮ ಕನ್ನಡದಲ್ಲಿ. ನನ್ನ ಗಂಡನ ಕಡೆಯವರು ದಡದ ಹಳ್ಳಿಯಲ್ಲಿ ಅದನ್ನು ಇನ್ನೂ ಆಡುತ್ತಿದ್ದರು, ಅವರಿಂದ ಕಲಿತೆ. ತಪ್ಪುಗಳಿದ್ದರೆ ಅವರ ತಲೆಗೆ ಕಟ್ಟಿ.

ಈ ಕಾಗದ ನಿಮಗೆ ಬಂದದ್ದು ಹಿಂದಂಚೆಯಲ್ಲಿ. ಹಾಗೆಂದರೆ ಕಾಲದಲ್ಲಿ ಹಿಮ್ಮುಖವಾಗಿ ಹೋಗುವ ಅಂಚೆ. ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಕಾಗದ ಕಳಿಸುವ ಹಕ್ಕಿದೆ, ಆದರೆ ಒಂದು ಷರತ್ತು: ನಿಮಗೆ ಉಪಯೋಗಕ್ಕೆ ಬರುವಂಥದ್ದು ಏನೂ ಅದರಲ್ಲಿ ಇರಬಾರದು. ಯಾವ ವರ್ಷ ಮಳೆ ಕೈಕೊಟ್ಟಿತು, ಯಾವ ಊರು ಮುಳುಗಿತು, ಯಾರು ಗೆದ್ದರು ಎಂದೆಲ್ಲ ಬರೆದರೆ ಅಂಚೆಯವರು ಅಳಿಸಿಬಿಡುತ್ತಾರೆ. ನೀವು ಅದನ್ನು ಓದಿ ಹುಷಾರಾದರೆ ನಾವು ಹುಟ್ಟುವುದೇ ಅನುಮಾನ ಎಂಬುದು ಅವರ ಹೆದರಿಕೆ. ಹೀಗಾಗಿ ನನ್ನ ವಾರಿಗೆಯವರು ಕಾಗದ ಮುಂದಿಟ್ಟುಕೊಂಡು ಏನು ಬರೆಯುವುದೆಂದು ತಲೆ ಕೆರೆದುಕೊಳ್ಳುತ್ತಾರೆ. ನನಗೆ ಆ ಕಷ್ಟ ಬರಲಿಲ್ಲ. ನಾನು ಹೇಳಬೇಕೆಂದಿರುವುದು ಒಂದು ರೊಟ್ಟಿಯ ಸುದ್ದಿ.

ಮೊದಲು ನಮ್ಮ ಊರು ತಿಳಿಯಬೇಕು. ದಡದ ಮೇಲೆ ಈಗ ಬೆಳಗಿನ ಹೊತ್ತು ಕಳೆದರೆ ನೆಲ ಕಾಲಿಡಲಾಗದಷ್ಟು ಸುಡುತ್ತದೆ. ನೀರಿನ ಮೇಲೆ ಅಷ್ಟು ಕಾವಿಲ್ಲ. ಆದ್ದರಿಂದ ಜೊಂಡನ್ನು ಒತ್ತಿ ಹೆಣೆದ ದಪ್ಪ ಚಾಪೆಗಳ ಮೇಲೆ ಮನೆ ಕಟ್ಟಿ, ಮನೆಗೆ ಮನೆಯನ್ನು ಹಗ್ಗದಿಂದ ಬಿಗಿದು ತೇಲೂರು ಮಾಡಿಕೊಂಡಿದ್ದೇವೆ. ರಾತ್ರಿ ಗಾಳಿ ಬೀಸಿದರೆ ಹಗ್ಗ ಸಡಿಲವಾಗಿ ಮನೆಗಳು ಜಾಗ ಬದಲಿಸುತ್ತವೆ. ಬೆಳಿಗ್ಗೆ ಬಾಗಿಲು ತೆಗೆದು, ಇವತ್ತು ನಮ್ಮ ನೆರೆಯವರು ಯಾರು ಎಂದು ನೋಡುವುದೇ ನಮ್ಮ ದಿನದ ಮೊದಲ ಕೆಲಸ. ಜಗಳವಾಡಿ ಮುಖ ತಿರುಗಿಸಿಕೊಂಡು ಮಲಗಿದವರ ಬಾಗಿಲುಗಳು ಬೆಳಗಾಗುವಷ್ಟರಲ್ಲಿ ಎದುರಾಬದುರಾ ಬಂದು ನಿಂತಿರುತ್ತವೆ, ಆಗ ನಗದೆ ಬೇರೆ ದಾರಿಯಿಲ್ಲ. ನೀರು ಕುಡಿದು ಮೆತ್ತಗಾದ ಚಾಪೆಯ ಮೇಲೆ ಬರಿಗಾಲಿನಲ್ಲಿ ನಿಂತು, ಯಾರದೋ ಮಗು ಅಳುವುದನ್ನೂ ಯಾರೋ ಕೆಮ್ಮುವುದನ್ನೂ ಕೇಳುತ್ತ ಹಲ್ಲುಜ್ಜುವ ಆ ಸ್ವಲ್ಪ ಹೊತ್ತು ನನಗೆ ತುಂಬ ಇಷ್ಟ. ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ, ಆದ್ದರಿಂದ ಅಂಚೆಯವರು ಅಳಿಸಲಾರರು.

ಜೊಂಡಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಊರಿಗೆಲ್ಲ ಒಂದೇ ಅಡುಗೆ, ಅದೂ ದೂರದ ಒಂದು ಕಬ್ಬಿಣದ ತೆಪ್ಪದ ಮೇಲೆ. ಅದರ ಪಕ್ಕದಲ್ಲೇ ಉಣಮನೆ. ಜನ ಸರದಿಯ ಪ್ರಕಾರ ಬಂದು ಸಾಲಾಗಿ ಕೂರುತ್ತಾರೆ. ನೀಡುವುದು ಮನುಷ್ಯರಲ್ಲ, ನೀಡಾಳು. ಅದು ಸಾಲಿನ ಮುಂದೆ ಜಾರುತ್ತ ಹೋಗುವ ಒಂದು ಯಂತ್ರ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪಲ್ಯ. ಹಿಂದೆ ಯಾವಾಗಲೋ ಕೈಯಿಂದ ಕೈಗೆ ರೋಗ ಹರಡಿದ್ದರಿಂದ ಇನ್ನೊಬ್ಬರ ತಾಟಿಗೆ ಕೈಯಾರೆ ನೀಡುವುದನ್ನು ಬಿಟ್ಟಿದ್ದರು. ರೋಗ ಹೋಯಿತು, ರೂಢಿ ಉಳಿಯಿತು. ನೀಡಾಳಿಗೆ ಎರಡೇ ಮಾತು ತಿಳಿಯುತ್ತವೆ, ಹಾಕು ಮತ್ತು ಸಾಕು. ಹಾಕು ಅಂದರೆ ಹಾಕುತ್ತದೆ. ಸಾಕು ಅಂದರೆ ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಇವತ್ತು ಇವರಿಗೆ ಹೆಚ್ಚಾಯಿತು ಎಂದು ತಿಳಿದು ನಾಳೆ ಸ್ವಲ್ಪ ಕಡಿಮೆ ತರುತ್ತದೆ. ಒಂದು ತುತ್ತೂ ಹಾಳಾಗಬಾರದೆಂದು ಮಾಡಿದ ಏರ್ಪಾಡು, ಯಾರ ಮೇಲೂ ದ್ವೇಷದಿಂದ ಮಾಡಿದ್ದಲ್ಲ. ತೇಲೂರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ, ಹಸಿದರೆ ಹಾಕು ಎನ್ನಲು ಅವರಿಗೆ ಯಾವ ಸಂಕೋಚವೂ ಇಲ್ಲ.

ತೇಲೂರು ನನ್ನ ತವರು. ನನ್ನನ್ನು ಕೊಟ್ಟದ್ದು ದಡದ ಹಳ್ಳಿಗೆ. ಗಂಡನ ಹೆಸರು ಮುದಕಪ್ಪ. ಹುಟ್ಟಿದ ದಿನದಿಂದಲೇ ಮುದುಕ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ, ಅವರು ಮೀಸೆಯಲ್ಲೇ ನಗುತ್ತಿದ್ದರು. ದಡದಲ್ಲಿ ಇನ್ನೂ ಒಲೆ ಇತ್ತು, ಕೈಯಾರೆ ನೀಡುವುದೂ ಇತ್ತು. ಮದುವೆಯಾದ ಹೊಸದರಲ್ಲಿ ಅವರು ಸಾಕು ಅಂದ ಕೂಡಲೆ ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿದ್ದೆ. ಅತ್ತೆ ಹಣೆ ಬಡಿದುಕೊಂಡು, "ಅಂವ ಸಾಕನ್ನೂದು ಬಾಯಿ ಮಾತು, ನೀ ಅವನ ಮಾರಿ ನೋಡಿ ನೀಡು" ಎಂದಿದ್ದರು. ಆಮೇಲೆ ಕಲಿತೆ. ಅವರು ಸಾಕು ಅನ್ನುವುದು, ನಾನು ಹಾಕುವುದು, ಅವರು ಮುಖ ಗಂಟು ಹಾಕಿಕೊಂಡು ಅದನ್ನು ತಿನ್ನುವುದು, ಇದು ನಮ್ಮ ಸಂಸಾರದ ಉದ್ದಕ್ಕೂ ನಡೆಯಿತು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಧನ್ಯವಾದ ಹೇಳಿದವರಲ್ಲ. ಅದು ನಿಮ್ಮಲ್ಲಿ ಸಭೆಯ ಕೊನೆಗೆ, ಜನ ಎದ್ದು ಚಪ್ಪಲಿ ಹುಡುಕುವಾಗ ಹೇಳುವ ಮಾತಂತೆ. ನಮ್ಮಲ್ಲೂ ಹಾಗೆಯೇ.

ಮೂರು ಬೇಸಿಗೆಗಳ ಹಿಂದೆ ದಡದ ಹಳ್ಳಿ ಬಿಡಬೇಕಾಯಿತು. ಇಬ್ಬರೂ ನನ್ನ ತವರಿಗೆ ಬಂದೆವು. ನನಗೆ ಹಗ್ಗ ಹೊಸೆಯುವ ಕೆಲಸ ಕೊಟ್ಟರು. ಹಗ್ಗದವರು ನಸುಕಿನ ಸರದಿಯಲ್ಲಿ ಉಣ್ಣುತ್ತಾರೆ, ವಯಸ್ಸಾದವರೂ ಹೊಸಬರೂ ಬಿಸಿಲೇರಿದ ಮೇಲಿನ ಸರದಿಯಲ್ಲಿ. ಹೀಗಾಗಿ ನಾವು ಎಂದೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಇಳಿದುಹೋದರು. ಕೊರಳ ಮೂಳೆ ಎದ್ದುಬಂತು, ಕೈಕಡಗ ಮೊಣಕೈವರೆಗೆ ಜಾರತೊಡಗಿತು. "ಉಂಡ್ರೇನ್ರಿ?" ಎಂದು ಕೇಳಿದರೆ "ಉಂಡೇನ, ಹೊಟ್ಟಿ ತುಂಬೇತಿ" ಎನ್ನುತ್ತಿದ್ದರು. ಹುಟ್ಟಿದೂರು ಬಿಟ್ಟ ಕೊರಗು ಎಂದುಕೊಂಡೆ. ವೈದ್ಯೆ ಬಂದು ನೋಡಿ ದೇಹದಲ್ಲಿ ರೋಗವಿಲ್ಲ ಎಂದಳು. ನೀಡಾಳಿನ ಲೆಕ್ಕ ತರಿಸಿ ನೋಡಿದಳು. ದಿನದಿಂದ ದಿನಕ್ಕೆ ಊಟ ಇಳಿದಿತ್ತು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, ಇದು ಇಳಿಹೊತ್ತು ಎಂದಳು.

ಇಳಿಹೊತ್ತು ಎಂಬುದನ್ನು ವಿವರಿಸಬೇಕು. ವಯಸ್ಸಾದವರು ತಾವಾಗಿ ಅನ್ನ ಬಿಡುತ್ತ ಬಂದರೆ ತೇಲೂರಿನಲ್ಲಿ ಅವರನ್ನು ಯಾರೂ ಕಾಡುವುದಿಲ್ಲ. ಹೊರಡಲು ಮನಸ್ಸು ಮಾಡಿದ್ದಾರೆ ಎಂದು ತಿಳಿದು ಗೌರವ ಕೊಡುತ್ತಾರೆ. ತಿನ್ನಿ ಎಂದು ಒತ್ತಾಯಿಸುವುದು ದೊಡ್ಡ ಅಪಚಾರ. ನೆರೆಯವರು ಸಂಜೆಹೊತ್ತು ಬಂದು ಕೂತು, ಅವರ ಒಳ್ಳೆಯ ಗುಣಗಳನ್ನು ಅವರಿಗೇ ಹೇಳಿ ಹೋಗುತ್ತಾರೆ. ಅದು ಒಳ್ಳೆಯ ಪದ್ಧತಿ, ನಾನು ಅದನ್ನು ಹಳಿಯುವುದಿಲ್ಲ. ನಮ್ಮ ಮನೆಗೂ ಬಂದರು. ಇವರು ಎಲ್ಲರಿಗೂ ಕೈಮುಗಿದು, ಇಷ್ಟೊಂದು ಜನ ಏಕೆ ಬರುತ್ತಾರೆಂದು ತಿಳಿಯದೆ, "ನಿಮ್ಮೂರ ಮಂದಿ ಭಾಳ ಛಲೋ ಅದಾರ" ಎಂದು ನನಗೆ ಹೇಳಿದರು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಒಂದು ದಿನ ಗಾಳಿ ಜೋರಾಗಿ ಹಗ್ಗದ ಕೆಲಸಕ್ಕೆ ರಜೆ ಸಿಕ್ಕಿತು. ಅವತ್ತು ಅವರ ಸರದಿಯಲ್ಲೇ ಹೋಗಿ, ಅವರ ಪಕ್ಕದಲ್ಲಿ ಕೂತೆ. ನೀಡಾಳು ಬಂದು ಅವರ ತಾಟಿಗೆ ರೊಟ್ಟಿಯ ಒಂದು ಚೂರು ಇಟ್ಟಿತು, ಹಪ್ಪಳದಷ್ಟಿತ್ತು. ಇವರು ಬಾಗಿ, ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬೀಗರ ಮನೆಯಲ್ಲಿ ಹೊಸ ಅಳಿಯ ನಾಚುವಂತೆ ನಾಚುತ್ತ, "ಸಾಕ್ರಿ, ಸಾಕ್ ಸಾಕು" ಎಂದರು. ಯಂತ್ರ ಮುಂದೆ ಹೋಯಿತು. ಅವರು ಅದರ ಹಿಂದೆಯೇ ನೋಡುತ್ತಿದ್ದರು.

ಆ ನೋಟ ನನಗೆ ಗೊತ್ತಿತ್ತು. ನನ್ನ ಬುಟ್ಟಿಯನ್ನು ಅವರು ಹಾಗೆಯೇ ನೋಡುತ್ತಿದ್ದರು. ಒಮ್ಮೆಲೇ ಎಲ್ಲ ತಿಳಿಯಿತು. ಈ ಮನುಷ್ಯ ಕೊರಗಿನಿಂದ ಸಾಯುತ್ತಿರಲಿಲ್ಲ, ಮರ್ಯಾದೆಯಿಂದ ಸಾಯುತ್ತಿದ್ದರು. ಇಡೀ ಊರು ಅಷ್ಟೇ ಮರ್ಯಾದೆಯಿಂದ ಅವರನ್ನು ಕಳಿಸಿಕೊಡುತ್ತಿತ್ತು. ನನಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎದ್ದು ಹೋಗಿ ನೀಡಾಳಿನ ಬುಟ್ಟಿಗೆ ಕೈಹಾಕಿ, ಬಂದಷ್ಟು ರೊಟ್ಟಿ ಎತ್ತಿಕೊಂಡು ಬಂದು ಅವರ ತಾಟಿಗೆ ಒಂದನ್ನು ಹಾಕಿದೆ. "ಸಾಕು" ಎಂದರು. ಇನ್ನೊಂದು ಹಾಕಿದೆ. "ಸಾಕಂದ್ನೆಲ್ಲ!" ಎಂದು ಗದರಿದರು, ಮತ್ತು ತಿಂದರು. ಎಷ್ಟೋ ದಿನದಿಂದ ಆ ಗದರಿಕೆ ಕೇಳಿರಲಿಲ್ಲ.

ಉಣಮನೆಯೆಲ್ಲ ನಮ್ಮ ಕಡೆ ತಿರುಗಿತು. ಅದರ ಉಸ್ತುವಾರಿ ಬಾಳವ್ವನದು. ನನಗಿಂತ ಚಿಕ್ಕವಳು, ಕಟ್ಟುನಿಟ್ಟಿನ ಹೆಂಗಸು. ಓಡಿಬಂದು ನನ್ನ ಕೈ ಹಿಡಿದಳು. ಅವಳ ಮಾತನ್ನು ನಿಮಗಾಗಿ ದಡದ ಮಾತಿನಲ್ಲೇ ಬರೆಯುತ್ತೇನೆ. "ಅಕ್ಕಾ, ಏನ್ ಮಾಡಾಕತ್ತಿ? ಹೋಗೂ ಜೀವಕ್ಕ ಹಿಂಗ ಕಾಡಬಾರದು. ಅವರು ಸಾಕಂದಾರ, ನಿನಗ ಕೇಳಸಲಿಲ್ಲೇನು?" ಕೇಳಿಸಿತು, ಆದರೆ ಆ ಸಾಕಿನ ಅರ್ಥ ಬೇರೆ, ಎಂದೆ. ಸಾಕಿನಲ್ಲಿ ಎರಡು ಬಗೆ ಎಂಬುದು ಅವಳ ತಲೆಗೆ ಹೋಗಲಿಲ್ಲ. ಬೇಕಿದ್ದರೆ ಹಾಕು ಅನ್ನಬೇಕಲ್ಲ, ಎಂದು ಅದನ್ನೇ ಹೇಳಿದಳು. ತೋರಿಸುವುದೊಂದೇ ದಾರಿ ಎಂದು ಮೂರನೆಯದನ್ನು ಹಾಕಿದೆ. ಇವರು ಅದನ್ನು ಮುರಿದು ಪುಂಡಿಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಾಳವ್ವ ನನ್ನ ಕೈ ಬಿಟ್ಟಳು.

ಮನೆಗೆ ಬಂದಮೇಲೆ ಚೆನ್ನಾಗಿ ಬೈದೆ. "ಹಸಿವಾಗಿದ್ರ ನನಗರ ಹೇಳಾಕ ಏನಾಗಿತ್ತು ನಿಮಗ?" ಎಂದೆ. ಅವರು ಹೇಳಿದರು: "ನಿನ್ನ ತವರೂರಾಗ ಉಣ್ಣಾಕ ಕಮ್ಮಿ ನೀಡ್ತಾರ ಅಂತ ನಾ ನಿನ್ನ ಮುಂದ ಹೆಂಗ ಹೇಳ್ಲಿ? ನಿನಗ ಕೆಟ್ಟ ಅನಸೂದಿಲ್ಲೇನು?" ನನ್ನ ತವರು ಜಿಪುಣ ಎಂಬ ಮಾತು ನನ್ನ ಕಿವಿಗೆ ಬೀಳದಿರಲಿ ಎಂದು ಆ ಮನುಷ್ಯ ಹಸಿದುಕೊಂಡು ಕೂತಿದ್ದರು. ಇಷ್ಟು ವರ್ಷ ನಾನು ನೀಡಿದ್ದೆ, ಅವರು ಉಂಡಿದ್ದರು. ಅದರಲ್ಲಿ ಹೇಳುವಂಥದ್ದು ಏನಾದರೂ ಇದೆ ಎಂದು ನನಗೆ ಎಂದೂ ತೋಚಿರಲಿಲ್ಲ. ಆ ರೊಟ್ಟಿಗಳೇ ನಮ್ಮ ಪ್ರೀತಿಯಾಗಿದ್ದವು, ಸಾಕು ಎಂಬ ಆ ಒಂದು ಮಾತಿನಲ್ಲಿ ಅವರ ಉಪಕಾರಸ್ಮರಣೆ ಇತ್ತು, ನಾನು ಅದನ್ನು ದಿನಾ ಪಡೆಯುತ್ತಿದ್ದೆ.

ಆಮೇಲೆ ಊರಿನವರು ನೀಡಾಳಿಗೆ ಎರಡು ಸಾಕುಗಳ ವ್ಯತ್ಯಾಸ ಕಲಿಸಲು ಹೋದರು. ಅದು ನಿಜವಾಗಿ ಹೊಟ್ಟೆ ತುಂಬಿದವರಿಗೂ ಬಿಡದೆ ಹಾಕಿದ್ದರಿಂದ ಇಡೀ ಸಾಲು ತಾಟು ಬಿಟ್ಟು ಓಡಿತು. ಕೊನೆಗೆ, ನೀಡಾಳು ಮೊದಲಿನಂತೆಯೇ ಇರಲಿ, ಅದರ ಜೊತೆಗೆ ಬೇಕಾದವರು ಕೈತೊಳೆದುಕೊಂಡು ಬುಟ್ಟಿ ಹಿಡಿದು ನೀಡಬಹುದು ಎಂದಾಯಿತು. ತೇಲೂರಿನವರಿಗೆ ಮೊದಮೊದಲು ವಿಚಿತ್ರವೆನಿಸಿತು. ಬಳಿಕ ರುಚಿ ಹತ್ತಿತು. ಹೊಟ್ಟೆ ಹಸಿದಿದ್ದರೂ ಸಾಕು ಎಂದು, ಎದುರಿನವರು ಏನು ಮಾಡುತ್ತಾರೋ ನೋಡುವುದು ಅವರಿಗೆ ಹೊಸ ಆಟವಾಯಿತು. ನನ್ನ ಮುದಕಪ್ಪ ಮೈಕೈ ತುಂಬಿಕೊಂಡು ಇನ್ನೂ ಎರಡು ಬೇಸಿಗೆ ಕಂಡರು. ಹೋದ ತಿಂಗಳು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ಅಡ್ಡಾದವರು ಏಳಲಿಲ್ಲ. ಹಸಿದು ಹೋಗಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ.

ನಿಮ್ಮಲ್ಲಿ ಒಂದೇ ಕೇಳಿಕೆ. ನೀವು ಬೇಡವೆಂದರೂ ತಾಟಿಗೆ ಹಾಕುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ರೇಗಿರಿ, ಬೈಯಿರಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ತಿನ್ನಿ. ಉಂಡೆದ್ದ ಮೇಲೆ ಅವರಿಗೆ ಬುಟ್ಟಿಯಲ್ಲಿ ಏನು ಉಳಿದಿದೆ ಎಂದು ಬಗ್ಗಿ ನೋಡಿ. ಸಾಧ್ಯವಾದರೆ ಅವರನ್ನು ಕೂರಿಸಿ ನೀವು ನೀಡಿ. ಇದನ್ನು ದೊಡ್ಡ ಬುದ್ಧಿಮಾತೆಂದು ಹೇಳುತ್ತಿಲ್ಲ. ಏಕೆ ಹೇಳುತ್ತಿದ್ದೇನೆಂದರೆ, ನನ್ನವರು ಹೋದಮೇಲೆ ನಾನು ಮೊದಲ ಸಲ ಉಣಮನೆಗೆ ಹೋದದ್ದು ನಿನ್ನೆ. ಅಲ್ಲಿಯವರೆಗೆ ನೆರೆಯವರು ಮನೆಗೇ ಗಂಜಿ ತಂದುಕೊಡುತ್ತಿದ್ದರು. ನೀಡಾಳು ಬಂದು ಅರ್ಧ ರೊಟ್ಟಿ ಇಟ್ಟಿತು. ಸಾಕು ಎಂದೆ. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ನನಗೆ ನಿಜವಾಗಿ ಸಾಕಾಗಿತ್ತು, ಬರೀ ರೊಟ್ಟಿಯಲ್ಲ, ಎಲ್ಲವೂ. ಯಂತ್ರ ಸರಿಯಾಗಿಯೇ ಕೇಳಿಸಿಕೊಂಡು ಮುಂದೆ ಹೋಯಿತು. ಬಾಳವ್ವ ಬುಟ್ಟಿ ಹಿಡಿದು ಬಂದು ನನ್ನ ಎದುರಿಗೆ ನಿಂತಳು. ನನ್ನ ಮುಖ ನೋಡಿ ಒಂದು ಹಾಕಿದಳು.

"ಸಾಕಂದ್ನೆಲ್ಲ!" ಎಂದು ರೇಗಿದೆ.

"ಕೇಳಸ್ತು, ಅಕ್ಕಾ" ಎಂದಳು, ಇನ್ನೊಂದು ಹಾಕಿದಳು. ತಿಂದೆ.

ಹೊಟ್ಟೆತುಂಬ ಉಂಡು ಮಲಗಿರಿ.

ಶಾವಂತ್ರವ್ವ ಮುದಕಪ್ಪ ಮೆಳ್ಳಿಗೇರಿ