ಮೂರು ವರ್ಷದ ಹಿಡಿತ

ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯ ‘ಇವರಿಗೆ’,

‘ಕೈಯೊಳಗೊಂದು ಕೈಯಿರಲು ಕತ್ತಲೆಯೂ ದಾರಿಯೇ’ ಎಂದು ಒಂದು ಸಾಲು. ಎಲ್ಲಿ ಓದಿದ್ದೋ, ಮುಂದೆ ಏನಿತ್ತೋ ನೆನಪಾಗುತ್ತಿಲ್ಲ. ಓದುವ ದಿನಗಳಲ್ಲಿ ಹಾಸ್ಟೆಲಿನ ಗೋಡೆಗೆ ಅದನ್ನು ಬರೆದು ಅಂಟಿಸಿಕೊಂಡಿದ್ದೆ. ನಿಮ್ಮ ಪತ್ರ ಬಂದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಆಗ ಹೊಳೆಯದ ಪ್ರಶ್ನೆ ಈಗ ಹೊಳೆಯಿತು. ಒಂದು ಕೈ ಒಳಗಿದೆ ಎಂದರೆ ಇನ್ನೊಂದು ಹೊರಗಿನಿಂದ ಮುಚ್ಚಿಕೊಂಡಿದೆ ಎಂದಾಯಿತಲ್ಲ? ಆ ಸಾಲು ಬರೆದವರದು ಯಾವ ಕೈ? ಒಳಗಿರುವುದಕ್ಕೆ ಹೇಗನಿಸುತ್ತಿದೆ ಎಂದು ಯಾರಾದರೂ ಕೇಳಿದ್ದರೇ?

‘ಪ್ರೀತಿಯ’ ಎಂದು ಶುರು ಮಾಡಲು ಹೋಗಿ ಬಿಟ್ಟೆ. ಕೈನೋವು ಕಾರಣ ಎಂದುಕೊಳ್ಳಿ. ಇಷ್ಟು ಬರೆಯುವಷ್ಟರಲ್ಲಿ ಒಮ್ಮೆ ಪೆನ್ನು ಕೆಳಗಿಟ್ಟು ಬೆರಳು ಬಿಡಿಸಿಕೊಂಡಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಾರಣ ನಿಮಗೆ ಗೊತ್ತೇ ಇದೆ.

ನೀವು ಕಳಿಸಿದ ಯೋಜನೆ ತಲುಪಿತು. ‘ಹಿಡಿತ ಮತ್ತು ಮುಂಗೈ ಬಲಕ್ಕೆ ಮೂರು ವರ್ಷದ ತರಬೇತಿ’ ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಅಡಿಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೀರಿ. ಮೊದಲು ಬಿಸಿನೀರಿನಲ್ಲಿ ಸ್ಪಂಜು ಹಿಂಡುವುದು. ಆಮೇಲೆ ಒದ್ದೆ ಟವೆಲು. ಆಮೇಲೆ ಪುಸ್ತಕವನ್ನು ಬೆರಳ ತುದಿಯಲ್ಲಿ ಚಿಮುಟಿ ಎತ್ತುವುದು, ಸುತ್ತಿಗೆಯ ತುದಿ ಹಿಡಿದು ಮುಂಗೈ ತಿರುಗಿಸುವುದು, ತುಂಬಿದ ಬಕೆಟ್ಟು ಹೊತ್ತು ನಡೆಯುವುದು. ಮೂರನೆಯ ವರ್ಷ ಕಂಬಿಗೆ ಜೋತುಬೀಳುವುದು. ನಡುನಡುವೆ ವಿಶ್ರಾಂತಿಯ ವಾರಗಳು. ‘ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ನಾರು ನಿಧಾನ. ಆತುರ ಬೇಡ’ ಎಂದು ಪಕ್ಕದಲ್ಲಿ ಎಚ್ಚರಿಕೆ.

ಸುಳ್ಳು ಹೇಳುವುದಿಲ್ಲ, ಓದಿ ಕಣ್ಣು ತುಂಬಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನೀವು ನನಗಾಗಿ ಬರೆದ ಮೊದಲ ಬರಹ ಅದು. ಊರಿನ ಹುಡುಗರಿಗೆಲ್ಲ ಕೈಕುಸ್ತಿ ಕಲಿಸಿದಿರಿ, ಬಂಡೆ ಹತ್ತುವವರಿಗೆ ಬೆರಳು ಗಟ್ಟಿಮಾಡಿಕೊಟ್ಟಿರಿ. ಅವರಿಗೆ ಬರೆದುಕೊಟ್ಟ ಯೋಜನೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದಿರಿ. ನಾನು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದೆ. ನನ್ನ ಹೆಸರಿನಲ್ಲಿ ಒಂದು ಹಾಳೆ ಬರಬೇಕಾದರೆ ಮೂಳೆ ಮುರಿಯಬೇಕಾಯಿತು.

ಕೊನೆಯಲ್ಲಿ, ಹಾಳೆಯ ಮೂಲೆಯಲ್ಲಿ, ಒಂದೇ ಸಾಲು: ‘ಇದನ್ನು ಒಬ್ಬಳೇ ಮಾಡಲಾಗದು. ಭಾನುವಾರ ಸಾಮಾನು ಸಮೇತ ಬರುತ್ತೇನೆ.’

ಬರಲೇ ಎಂದು ಕೇಳಿಲ್ಲ.

ಇದಕ್ಕೆ ಮೊದಲು ನಿಮ್ಮ ಅಕ್ಕ ಫೋನು ಮಾಡಿದ್ದರು. ನಿಮಗೆ ತಿಳಿಯದೆ ಮಾಡಿದ್ದು ಎಂದರು, ನಂಬಿದಂತೆ ನಟಿಸಿದೆ. “ಅಲ್ಲಮ್ಮಾ, ಸಿಟ್ಟಲ್ಲಿ ಗಂಡಸು ಒಂದ್ಸಲ ಕೈ ಹಿಡಿದ ಅಂತ ಇಷ್ಟು ದಿನ ಮುಖ ತಿರುಗಿಸಿಕೊಂಡು ಕೂತ್ಕೊಳ್ಳೋದಾ? ಮದುವೇಲೂ ಹಿಡಿದಿದ್ದು ಅದೇ ಕೈ ತಾನೇ?” ಎಂದರು. ನಾನು “ಆವತ್ತು ಮೂಳೆ ಉಳಿದಿತ್ತು ಅಕ್ಕಾ” ಎಂದೆ. “ಓದಿದವರ ಹತ್ರ ಮಾತಾಡೋಕೆ ಆಗಲ್ಲಪ್ಪ” ಎಂದು ಇಟ್ಟುಬಿಟ್ಟರು.

ಅಕ್ಕನ ಮಟ್ಟಿಗೆ ಅದು ‘ಕೈ ಹಿಡಿದದ್ದು’. ಆಸ್ಪತ್ರೆಯ ಮಟ್ಟಿಗೆ ಬಚ್ಚಲಲ್ಲಿ ಜಾರಿದ್ದು. ಡಾಕ್ಟರು ಹೇಗಾಯಿತೆಂದು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ನೀವು. “ಇವಳ ಕಾಲು ನೆಲದ ಮೇಲೆ ಇರೋದೇ ಇಲ್ಲ ಡಾಕ್ಟ್ರೇ, ಸ್ನಾನಕ್ಕೆ ಹೋದ್ರೂ ಪದ್ಯದಲ್ಲೇ ಇರ್ತಾಳೆ.” ಡಾಕ್ಟರು ನಕ್ಕರು. ನರ್ಸೂ ನಕ್ಕಳು. ನಾನೂ ನಕ್ಕೆ. ಅಷ್ಟು ನೋವಿನಲ್ಲೂ ನಗು ಹೇಗೆ ಬಂತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನಿಮ್ಮ ಕೈ ಆಗ ನನ್ನ ಭುಜದ ಮೇಲಿತ್ತು.

ಆ ಸಂಜೆಯದನ್ನು ನಾವಿಬ್ಬರೂ ಒಮ್ಮೆಯೂ ಆಡಿಲ್ಲ. ಬರೆದುಬಿಡುತ್ತೇನೆ, ಒಂದು ಕಡೆಯಾದರೂ ಇದ್ದಂತೆ ಇರಲಿ. ಕಾಲೇಜಿನಲ್ಲಿ ಕವಿತೆ ಓದುವ ಕೂಟವಿತ್ತು. ನಾನೂ ಒಂದು ಓದುವುದಿತ್ತು. ಚಪ್ಪಲಿ ಮೆಟ್ಟಿ ನಿಂತಿದ್ದೆ. ಬೇಡ ಎಂದಿರಿ. ಹೋಗುತ್ತೇನೆ ಎಂದೆ. ಬಾಗಿಲ ಹತ್ತಿರ ಬಲ ಮಣಿಕಟ್ಟು ಹಿಡಿದಿರಿ. ಮದುವೆಯಾದ ಹೊಸದರಲ್ಲಿ ಆಟಕ್ಕೆಂದು ನೀವೇ ಕಲಿಸಿದ್ದಿರಿ: ಎಂಥ ಪೈಲ್ವಾನ ಹಿಡಿದರೂ ಅವನ ಹೆಬ್ಬೆರಳ ಕಡೆ ಒಂದು ಸಂದು ಇರುತ್ತದೆ, ಎಳೆಯಬಾರದು, ಆ ಕಡೆಗೆ ಹೊರಳಿಸಿ ಜಾರಿಕೊಳ್ಳಬೇಕು. ಯಾವ ಕಾಲದ ಪಾಠವೋ, ಕೈಗೆ ನೆನಪಿತ್ತು. ಹೊರಳಿಸಿದೆ. ಮೀನಿನ ಹಾಗೆ ಹೊರಗೆ ಬಂತು.

ಆಗ ನಾನು ನಕ್ಕೆ. ನಿಮ್ಮನ್ನು ಹಂಗಿಸಲು ಅಲ್ಲ. ಇಷ್ಟು ವರ್ಷಗಳ ಮೇಲೂ ನೆನಪಿದೆಯಲ್ಲ ಎಂದು, ಮೇಷ್ಟ್ರ ಮುಂದೆ ಲೆಕ್ಕ ಸರಿ ಮಾಡಿದ ಹುಡುಗಿಯಂತೆ, ಭೇಷ್ ಎನ್ನುತ್ತೀರೆಂದು ನಕ್ಕೆ.

ಹುಡುಗರು ನಿಮ್ಮನ್ನು ಬೆನ್ನ ಹಿಂದೆ ‘ಉಡ ಮೇಷ್ಟ್ರು’ ಎನ್ನುತ್ತಾರೆ. ಹಿಡಿದರೆ ಉಡದ ಪಟ್ಟು ಎಂದು. ನಿಮಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆ. ಆ ಪಟ್ಟಿನಿಂದ ಹೆಂಡತಿ ಜಾರಿಕೊಂಡಳು, ಜೊತೆಗೆ ನಕ್ಕಳು. ಎರಡನೆಯ ಸಲ ಎರಡೂ ಕೈಯಿಂದ ಹಿಡಿದಿರಿ. ಹೆಬ್ಬೆರಳ ಕಡೆಯ ಸಂದನ್ನು ಎರಡನೆಯ ಕೈಯಿಂದ ಮುಚ್ಚಿದಿರಿ. ಆಮೇಲೆ ತಿರುಚಿದಿರಿ. ಮೂಳೆಯ ಸದ್ದು ಕೇಳಿಸಿದ ಮೇಲೂ ಬಿಡಲು ನಿಮಗೆ ಸ್ವಲ್ಪ ಹೊತ್ತು ಬೇಕಾಯಿತು. ತಿರುಚಿದ್ದನ್ನು ಕೋಪ ಎಂದು ತಳ್ಳಿಹಾಕಬಲ್ಲೆ. ಆ ಸ್ವಲ್ಪ ಹೊತ್ತನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಪ್ಲಾಸ್ಟರು ಬಿಚ್ಚಿದ ವಾರ ತರಬೇತಿ ಶಿಬಿರದ ನೆಪ ತೆಗೆದು ಬೇರೆ ಊರಿಗೆ ಹೊರಟಿರಿ. ‘ಹೋಗಿ’ ಎಂದೆ. ‘ಹೋಗಿ ಬನ್ನಿ’ ಎನ್ನಲಿಲ್ಲ. ನೀವು ಬ್ಯಾಗು ಹೆಗಲಿಗೇರಿಸಿಕೊಂಡು ಉಳಿದ ಮಾತಿಗೆ ಒಂದು ಕ್ಷಣ ಕಾದಿರಿ. ನನಗೆ ಕಾಣಿಸಿತು.

ನಿಮ್ಮ ಯೋಜನೆಯನ್ನು ನಿನ್ನೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ನನ್ನ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಾಳೆ. ಬಾಯಿ ಸುಮ್ಮನಿರುವುದಿಲ್ಲ. “ಮೇಡಂ, ನಿಮ್ಮ ಹಿಡಿತ ನೋಡಿದ್ರೆ ಪಾಪ ಚಾಕ್‌ಪೀಸ್‌ಗೇ ಅಯ್ಯೋ ಅನ್ನಿಸುತ್ತೆ” ಎಂದು ರೇಗಿಸುತ್ತಾಳೆ. ಹಾಳೆಗಳನ್ನು ನಿಂತಲ್ಲೇ ಓದಿದಳು, ಆಮೇಲೆ ಕೂತು ಓದಿದಳು. “ಯಾರು ಮೇಡಂ ಮಾಡಿಕೊಟ್ಟಿದ್ದು? ಒಳ್ಳೇ ಪಳಗಿದ ಕೈ ಇದು” ಎಂದಳು.

“ಮುರಿದವರೇ” ಎಂದೆ.

ಹೊರಗಿನವರ ಮುಂದೆ ನನ್ನ ಬಾಯಿಂದ ಅದು ಹೊರಬಿದ್ದದ್ದು ಅದೇ ಮೊದಲು. ಹುಡುಗಿ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿದಳು, ಈ ಸಲ ಬೆರಳಿಟ್ಟು. “ಇದರಲ್ಲಿ ಎಲ್ಲಾದಕ್ಕೂ ಇನ್ನೊಬ್ಬರು ಬೇಕಲ್ಲ ಮೇಡಂ?” ಎಂದಳು. ನಾನು ನೋಡಿರಲಿಲ್ಲ. ಪಾಠ ಹೇಳುವ ನಾನು, ಒಂದು ಸಾಲಿಗೆ ಒಂದು ಗಂಟೆ ವ್ಯಾಖ್ಯಾನ ಮಾಡುವ ನಾನು, ನೋಡಿರಲಿಲ್ಲ. ಸ್ಪಂಜು ಹಿಂಡುವಾಗ ಮುಷ್ಟಿಯ ಮೇಲೆ ‘ನಾನು ಕೈಯಿಡುತ್ತೇನೆ’. ಟವೆಲು ಹಿಂಡುವಾಗ ಇನ್ನೊಂದು ತುದಿ ‘ನಾನು ಹಿಡಿಯುತ್ತೇನೆ’. ಮಣಿಕಟ್ಟು ಎತ್ತುವಾಗ ಮೇಲಿನಿಂದ ‘ನಾನು ಒತ್ತುತ್ತೇನೆ’. ಬಕೆಟ್ಟಿನ ಹಿಡಿಯನ್ನು ‘ನಾನು ಕೈಗಿಡುತ್ತೇನೆ’. ಕಂಬಿಗೆ ಜೋತುಬಿದ್ದಾಗ ಸೊಂಟಕ್ಕೆ ನಿಮ್ಮ ಕೈ. ಮೂರು ವರ್ಷದಲ್ಲಿ ನಾನೊಬ್ಬಳೇ ಮಾಡುವಂಥದ್ದು ಒಂದೂ ಇಲ್ಲ. ಅಷ್ಟು ಅಚ್ಚುಕಟ್ಟಾದ ಯೋಜನೆಯಲ್ಲಿ ಇದು ಮರೆವಲ್ಲ.

“ಇನ್ನೊಂದು ವಿಷಯ” ಎಂದಳು ಹುಡುಗಿ. “ಬರೀ ಮುಚ್ಚೋದೇ ಇದೆ. ಬಿಚ್ಚೋದು ಎಲ್ಲಿ?” ಮುಷ್ಟಿ ಕಟ್ಟುವ ಸ್ನಾಯು ಮುಂಗೈಯ ಒಳಮೈಯಲ್ಲಿದ್ದರೆ ಬೆರಳು ಬಿಡಿಸುವುದು ಹೊರಮೈಯಲ್ಲಿದೆಯಂತೆ. ಅದನ್ನೂ ಜೊತೆಗೇ ಬೆಳೆಸದಿದ್ದರೆ ಮೊಣಕೈ ಹಿಡಿದುಕೊಳ್ಳುತ್ತದಂತೆ. ಚಳಿಗಾಲ ಬಂತೆಂದರೆ ನೀವು ಮೊಣಕೈಗೆ ಎಣ್ಣೆ ಹಚ್ಚಿಸಿಕೊಂಡು ನರಳುತ್ತಿದ್ದುದು ನೆನಪಾಯಿತು. ಹಚ್ಚುತ್ತಿದ್ದವಳು ನಾನೇ. ಬೇಕಾದರೆ ಹೇಳಿಕೊಡುತ್ತೇನೆ: ಐದೂ ಬೆರಳಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ, ನಿಧಾನವಾಗಿ ಅಗಲಿಸಿ. ಒಬ್ಬರೇ ಮಾಡಬಹುದು.

ನಾವು ಇನ್ನೊಂದು ಯೋಜನೆ ಮಾಡಿದೆವು, ಹುಡುಗಿಯೂ ನಾನೂ, ನಿಮ್ಮ ಹಾಳೆಯ ಹಿಂಬದಿಯಲ್ಲಿ. ಅದೂ ಮೂರು ವರ್ಷದ್ದೇ, ನಾರಿನ ವಿಷಯದಲ್ಲಿ ನಿಮ್ಮ ಮಾತು ಸರಿಯಂತೆ. ಟವೆಲಿನ ಇನ್ನೊಂದು ತುದಿ ನಲ್ಲಿಗೆ. ಕಂಬಿಯ ಕೆಳಗೆ ಸ್ಟೂಲು. ಒತ್ತುವುದಕ್ಕೆ ನನ್ನದೇ ಎಡಗೈ. ಗುರಿ ಏನೆಂದು ಬರೆಯಬೇಕಂತೆ, ಇಲ್ಲವಾದರೆ ನಡುವೆ ಬಿಟ್ಟುಬಿಡುತ್ತಾರಂತೆ. ಒದ್ದೆ ಬೆಡ್‌ಶೀಟು ಹಿಂಡುವುದು ಎಂದೆ. ಕುಕ್ಕರಿನ ಮುಚ್ಚಳ. ಪೀರಿಯಡ್ಡು ಮುಗಿಯುವವರೆಗೆ ಬೋರ್ಡಿನ ಮೇಲೆ ಬರೆಯುವುದು, ಈಗ ಎರಡು ಸಾಲಿಗೇ ಚಾಕ್‌ಪೀಸು ಜಾರಿ ಮಕ್ಕಳು ಓಡಿಬಂದು ಎತ್ತಿಕೊಡುತ್ತಾರೆ. ಮುಂಬಾಗಿಲ ಬೀಗ. ನಿಮಗೆ ಗೊತ್ತಲ್ಲ ಅದು ಎಷ್ಟು ಬಿಗಿ. ಈಚೆಗೆ ಎಡಗೈಯಿಂದ ತಿರುಗಿಸುತ್ತೇನೆ.

ಆದ್ದರಿಂದ ಭಾನುವಾರ ಬರಬೇಡಿ. ಕೈ ಸರಿಹೋಗಲಿ ಆಮೇಲೆ ನೋಡೋಣ ಎಂಬ ಮಾತೂ ಇದರಲ್ಲಿಲ್ಲ. ಬಂದರೆ ಬಾಗಿಲು ತೆಗೆಯುವುದಿಲ್ಲ. ಇದನ್ನು ಹೇಳುವಷ್ಟು ಧೈರ್ಯವಂತೆ ಎಂದುಕೊಳ್ಳಬೇಡಿ. ರಾತ್ರಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಉಣ್ಣುತ್ತೇನೆ, ಎದುರಿನ ಕುರ್ಚಿ ಖಾಲಿಯಿದೆ ಎಂದು ಒಮ್ಮೊಮ್ಮೆ ತುತ್ತು ಇಳಿಯುವುದಿಲ್ಲ. ನಿಮ್ಮ ಯೋಜನೆ ಕೈಗೆ ಬಂದ ದಿನ ‘ಬನ್ನಿ’ ಎಂದು ಒಂದೇ ಪದ ಬರೆದು, ಕವರಿಗೆ ಹಾಕಿ, ಅಂಟಿಸಿಯೂ ಆಗಿತ್ತು. ನಿನ್ನೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪೆಟ್ಟಿಗೆಗೆ ಹಾಕಬೇಕೆಂದಿದ್ದೆ. ಬಸ್ಸು ಬಂದುಬಿಟ್ಟಿತು. ಇಷ್ಟೇ ನನ್ನ ಧೈರ್ಯ.

ನಿಮ್ಮ ಕಬ್ಬಿಣದ ಗುಂಡುಗಳು ಮಂಚದ ಕೆಳಗಿವೆ. ಅವನ್ನು ಎತ್ತಿ ಹೊರಗಿಡುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ಹುಡುಗರಲ್ಲಿ ಯಾರನ್ನಾದರೂ ಕಳಿಸಿ.

ಇನ್ನೂ ಕಾಗದಪತ್ರಗಳಲ್ಲಿ ಮಾತ್ರ ನಿಮ್ಮವಳಾದ,
‘ಇವಳು’

ತಾ. ಕ.: ಕವರು ಅಂಟಿಸುವ ಮೊದಲು ಇದನ್ನು ಸೇರಿಸಬೇಕಾಯಿತು. ಪಕ್ಕದ ಮನೆಯ ಹೊಲಿಗೆಯಾಕೆ ಈಗಷ್ಟೇ ಬಾಗಿಲಿಗೆ ಬಂದಿದ್ದರು, ಹೊಲಿಯಲು ಕೊಟ್ಟಿದ್ದ ದಿಂಬಿನ ಚೀಲ ಹಿಡಿದುಕೊಂಡು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಭಾನುವಾರ ನೀವು ಬರುವುದಾಗಿ ಬರೆದಿದ್ದೀರಿ, ಗಲಾಟೆಯಾದರೆ ಗಾಬರಿಯಾಗಬೇಡಿ ಎಂದು ಅವರಿಗೆ ಹೇಳಿದೆ. ಬಚ್ಚಲಲ್ಲಿ ಜಾರಿದ ಕಥೆಯನ್ನು ಅವರಿಗೂ ಹೇಳಿದ್ದವಳು ನಾನು, ಈಗ ಏನು ವಿವರಿಸುವುದು ಎಂದು ತಡವರಿಸುತ್ತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಹೊಸ್ತಿಲು ನೋಡಿಕೊಂಡೇ ಹೇಳಿದರು:

“ಭಾನುವಾರ ನಾವು ಮನೇಲೇ ಇರ್ತೀವಿ ಮೇಡಂ, ಗೋಡೆ ಬಡೀರಿ ಸಾಕು, ಬರ್ತೀವಿ. ಅವತ್ತೂ ಮನೇಲೇ ಇದ್ವಿ. ನೀವು ಕಿರುಚಿದ್ದು ಕೇಳಿಸ್ತು. ನಮ್ಮವರು ಎದ್ದು ಟಿವಿ ಸೌಂಡು ಜಾಸ್ತಿ ಮಾಡಿದ್ರು. ನಾನೂ ಕಮ್ಮಿ ಮಾಡ್ಲಿಲ್ಲ.”