ಬಾಟಲಿಯ ಮೇಲಿನ ಮೀನು

ಕಾಶಿಬಾಯಿ,

ಬಿಜ್ಜರಗಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ.

ಡಾಕ್ಟರು ಅವ್ವನ ಕಣ್ಣಿಗೆಂದು ಕೊಟ್ಟ ಮೀನೆಣ್ಣೆಯ ಬಾಟಲಿಗೆ ಅಂಟಿಸಿದ್ದ ಕಾಗದವನ್ನು ನೀನು ಕೆರೆದು ತೆಗೆದದ್ದು ತಪ್ಪು. ಲಿಂಗಪೂಜೆಯ ಮನೆಯಲ್ಲಿ ಮೀನಿನ ಚಿತ್ರ ಅವಳಿಗೆ ಕಾಣಬಾರದು, ನಿಜ. ಆದರೆ ಎಷ್ಟು ಕೊಡಬೇಕೆಂಬುದೂ ಅದರಲ್ಲೇ ಇತ್ತು. ಸೊಲ್ಲಾಪುರ ರಸ್ತೆಯ ಔಷಧದಂಗಡಿಯಲ್ಲಿ ಕೇಳಿ ಬಂದೆ: ದಿನಕ್ಕೆ ಒಂದೇ ಚಮಚ. ಬೇಗ ಗುಣವಾಗಲೆಂದು ಎರಡು ಹಾಕಬೇಡ. ಹೆಚ್ಚಾದರೆ ತಲೆನೋವು, ವಾಂತಿ.

ನಿನ್ನೆ ಅವ್ವ ಅಂದಳು: "ಹಾಲಾಗ ಮೀನಿನ ನಾತ ನನಗ ತಿಳಿಯಾಂಗಿಲ್ಲೇನೋ? ಈಗ ಸಂಜೀಕೂ ನಿಮ್ಮ ಮಾರಿ ಕಾಣಾಕತ್ತಾವ, ಅದಕ್ಕ ಕುಡಿಯಾಕತ್ತೇನಿ. ನಿನ್ನ ಹೇಣ್ತಿಗೆ ಹೇಳಬ್ಯಾಡ. ಪಾಪ, ಮುಚ್ಚಿಡಾಕ ಭಾಳ ಒದ್ದಾಡ್ತಾಳ."

ಆದ್ದರಿಂದ ಅವ್ವನ ಮುಂದೆ ನಿನಗೆ ಏನೂ ಗೊತ್ತಿಲ್ಲ. ಎಂದಿನಂತೆ ಕದ್ದು ಬೆರೆಸು.

ಈ ಚೀಟಿ ಒಲೆಗೆ ಹಾಕು.