ಹಳೆಯ ಗ್ರೂಪಿನಲ್ಲಿ ನಾನೊಬ್ಬಳೇ

ಬುಧವಾರ, ೧೨ ನವೆಂಬರ್. ಕೇಶ್ವಾಪುರ.

ನಾಳೆಯ ಭಜನೆ ಯಾರ ಮನೆಯಲ್ಲಿ ಎಂದು ಬೆಳಿಗ್ಗೆಯೇ ನಮ್ಮ ಭಜನಾ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದೆ. ಎಲ್ಲರೂ ನೋಡಿದ್ದಾರೆ, ಒಬ್ಬರೂ ಉತ್ತರ ಹಾಕಿಲ್ಲ. ಮಧ್ಯಾಹ್ನ ದುರ್ಗದಬೈಲಿನ ಪೇಟೆಯಲ್ಲಿ ಸಿಕ್ಕ, ನಮ್ಮ ಜೊತೆ ಹಾಡುವ ಚಿನ್ಮಯೀ, "ಹೊಸಾ ಗ್ರೂಪಿನ್ಯಾಗ ಹಾಕ್ಯಾರಲ್ಲಾ ಅಕ್ಕಾ" ಎಂದವಳು ನಾಲಿಗೆ ಕಚ್ಚಿಕೊಂಡಳು.

ಹೋದ ವಾರ ಭಜನೆಯಲ್ಲಿ ಎಲ್ಲರೆದುರಿಗೇ ಸುಧಾ ವೈನಿಗೆ ಶ್ರುತಿ ಬಿಟ್ಟಿರಿ ಎಂದಿದ್ದೆ. ಬಿಟ್ಟಿದ್ದರು, ಅಂದೆ.

ಮೊದಲು ನಾವು ಮಂಡಳಿ ಎನ್ನುತ್ತಿದ್ದೆವು. ಮಂಡಳಿಯಿಂದ ಒಬ್ಬರನ್ನು ಕೈಬಿಡಬೇಕಾದರೆ ಮುಖ ನೋಡಿ ಹೇಳಬೇಕಿತ್ತು. ಗ್ರೂಪಿನಿಂದ ಯಾರನ್ನೂ ತೆಗೆಯುವ ಗೋಜಿಲ್ಲ, ಸುಮ್ಮನೆ ಇನ್ನೊಂದು ಮಾಡಿದರಾಯಿತು. ಹಳೆಯದರಲ್ಲಿ ಎಲ್ಲರ ಹೆಸರೂ ಹಾಗೇ ಇವೆ. ಎಲ್ಲರೂ ಎದ್ದುಹೋದ ಜಮಖಾನೆಯ ಮೇಲೆ ನಾನೊಬ್ಬಳೇ ಕೂತಂತಿದೆ.

ಸಂಜೆ ಮಂಡಳಿಯ ಹಿರಿಯರಾದ ತಾರಾಬಾಯಿ ಕಾಕು ಫೋನ್ ಮಾಡಿದರು. "ಮಂಡಳಿ ಹಾರ್ಮೋನಿಯಂ ನಿಮ್ಮನ್ಯಾಗ ಅದ ನೋಡು. ನಾಳೆ ಬೇಕಾಗೇದ. ನಮ್ಮ ಕೇದಾರನ್ನ ಕಳಸ್ತೇನಿ, ಕೊಟ್ಟುಬಿಡು."

"ಯಾರನ್ನೂ ಕಳಸಬ್ಯಾಡ್ರಿ ಕಾಕು, ನಾನೇ ತರತೇನಿ. ಯಾರ ಮನಿಗೆ ತರಲಿ, ಹೇಳ್ರಿ."

"ಕೇದಾರ ಬರ್ತಾನ ಬಿಡು, ನಿನಗ್ಯಾಕ ತ್ರಾಸು" ಎಂದರು ಕಾಕು. ನಾನು ಫೋನ್ ಇಡದೆ ಮತ್ತೆ ಕೇಳಿದೆ, "ಯಾರ ಮನಿ, ಕಾಕು?"